ಏಳನೇ ಪ್ರಶ್ನೆಯ ಬೇಲಿ

ಶ್ರೀನಿವಾಸಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ನನ್ನ ಊರು ತಿಪಟೂರಿನ ಕಡೆ. ಇಲ್ಲಿಗೆ ಬಂದು ಎಂಟು ವರ್ಷವಾಯಿತು. ನಮ್ಮ ಮಕ್ಕಳು ಓದುವುದು ಕನ್ನಡ ಮೀಡಿಯಂ. ಮನೆಯಲ್ಲಿ ಮಾತ್ರ ಹೆಚ್ಚಿನವರದು ತೆಲುಗು.

ಕಳೆದ ತಿಂಗಳು ಒಂಬತ್ತನೇ ಕ್ಲಾಸಿಗೆ 20 ಅಂಕದ ಟೆಸ್ಟ್ ಕೊಟ್ಟೆ. 20 ಪ್ರಶ್ನೆ, 64 ಮಕ್ಕಳು. ಏಳನೇ ಪ್ರಶ್ನೆ ಇದು: "42 ಮೀಟರ್ ಉದ್ದ, 28 ಮೀಟರ್ ಅಗಲದ ಮಾವಿನ ತೋಟಕ್ಕೆ ಬೇಲಿ ಹಾಕಬೇಕು. ಮೀಟರಿಗೆ 35 ರೂಪಾಯಿಯಂತೆ ಖರ್ಚೆಷ್ಟು?" ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಇದರ ಮುಂದೆ 'ಸುಲಭ' ಎಂದು ನಾನೇ ಬರೆದಿದ್ದೆ. ಸರಿಯಾಗಿ ಮಾಡಿದವರು 26 ಜನ ಅಷ್ಟೇ.

ನಾವು ಟೀಚರ್‌ಗಳು ಪರೀಕ್ಷೆಗೆ ಮೊದಲೇ ಸುಲಭ, ಸಾಧಾರಣ, ಕಠಿಣ ಎಂದು ಬರೆದುಬಿಡುತ್ತೇವೆ. ಅದು ನಮ್ಮ ಅಂದಾಜು. ಪ್ರಶ್ನೆ ಎಷ್ಟು ಕಷ್ಟ ಅನ್ನುವುದನ್ನು ಮಕ್ಕಳ ಉತ್ತರಗಳಿಂದಲೇ ಅಳೆಯುವ ದಾರಿಯೊಂದಿದೆ. ಡೆನ್ಮಾರ್ಕಿನ ಗಣಿತಜ್ಞ ಜಾರ್ಜ್ ರಾಶ್ 1960ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಅವರು ಹೇಳಿದ್ದು ಇಷ್ಟು: ಮಗುವಿನ ಸಾಮರ್ಥ್ಯ, ಪ್ರಶ್ನೆಯ ಕಷ್ಟ, ಎರಡನ್ನೂ ಒಂದೇ ಅಳತೆಪಟ್ಟಿಯ ಮೇಲೆ ಇಡಿ. ಉತ್ತರ ಸರಿಯಾಗುವ ಸಾಧ್ಯತೆ ಎರಡರ ನಡುವಿನ ಅಂತರವನ್ನು ಮಾತ್ರ ಅವಲಂಬಿಸಿದ್ದು. ಎರಡೂ ಸಮವಾಗಿದ್ದರೆ ನೂರಕ್ಕೆ 50. ಮಗು ಒಂದು ಮೆಟ್ಟಿಲು ಮೇಲಿದ್ದರೆ 73, ಎರಡು ಮೆಟ್ಟಿಲು ಮೇಲಿದ್ದರೆ 88. ಈ ಮೆಟ್ಟಿಲಿಗೆ ಲಾಜಿಟ್ ಅನ್ನುತ್ತಾರೆ.

ನಿಜವಾದ ಲೆಕ್ಕ ಕಂಪ್ಯೂಟರ್ ಮಾಡಬೇಕು. ಆದರೆ ಮೊದಲ ಅಂದಾಜಿಗೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ತಪ್ಪಿದವರನ್ನು ಸರಿ ಮಾಡಿದವರಿಂದ ಭಾಗಿಸಿ, 'ಎಲ್‌ಎನ್' (ln, ಅಂದರೆ ಸ್ವಾಭಾವಿಕ ಲಾಗರಿದಮ್) ಬಟನ್ ಒತ್ತಿ. ಏಳನೇ ಪ್ರಶ್ನೆಗೆ 38 ಭಾಗಿಸು 26. ಬಂದದ್ದು 0.38. ನಾನು ಸುಲಭ ಎಂದುಕೊಂಡಿದ್ದ ಇನ್ನೊಂದು ಪ್ರಶ್ನೆಯನ್ನು 48 ಮಕ್ಕಳು ಸರಿ ಮಾಡಿದ್ದರು. ಅದರ ಕಷ್ಟ ಮೈನಸ್ 1.10 (ಮೈನಸ್ ಅಂದರೆ ಸುಲಭದ ಕಡೆ). ಅಂದರೆ ನನ್ನ 'ಸುಲಭ'ಗಳ ನಡುವೆಯೇ ಸುಮಾರು ಒಂದೂವರೆ ಮೆಟ್ಟಿಲಿನ ವ್ಯತ್ಯಾಸ.

ಮಕ್ಕಳ ಅಂಕಗಳನ್ನೂ ಹೀಗೇ ಮೆಟ್ಟಿಲಿಗೆ ಇಳಿಸಬಹುದು; ಇಲ್ಲಿ ಮಾತ್ರ ಸರಿಯಾದವನ್ನು ತಪ್ಪಿದವುಗಳಿಂದ ಭಾಗಿಸಬೇಕು. ಇದನ್ನು ಮೊದಲ ಸಲ ಮಾಡಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. 10 ಅಂಕದಿಂದ 12ಕ್ಕೆ ಏರಿದ ಮಗು ಹತ್ತಿದ್ದು 0.4 ಮೆಟ್ಟಿಲು. 17ರಿಂದ 19ಕ್ಕೆ ಏರಿದ ಮಗು ಹತ್ತಿದ್ದು 1.2. ಅದೇ ಎರಡು ಅಂಕ, ಮೂರು ಪಟ್ಟು ದಾರಿ! ಇಷ್ಟು ವರ್ಷ ನಾನು ಇಬ್ಬರಿಗೂ "ಎರಡು ಅಂಕ ಜಾಸ್ತಿ ಬಂತು, ಗುಡ್" ಅಂದು ಕಳಿಸುತ್ತಿದ್ದೆ. ಇನ್ನು 20ಕ್ಕೆ 20 ತೆಗೆದ ಮಗುವಿನ ಸಾಮರ್ಥ್ಯ ಎಷ್ಟು ಅನ್ನುವುದು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅವನ ಎತ್ತರಕ್ಕೆ ನನ್ನ ಟೇಪು ಸಾಲಲಿಲ್ಲ, ಅಷ್ಟೇ.

ಈಗ ಏಳನೇ ಪ್ರಶ್ನೆಗೆ ಬರುತ್ತೇನೆ. ರಾಶ್ ಅವರ ಲೆಕ್ಕ ನಿಲ್ಲಬೇಕಾದರೆ ಒಂದು ಷರತ್ತಿದೆ. ಸಾಮರ್ಥ್ಯ ಒಂದೇ ಆಗಿದ್ದರೆ ಅದು ಯಾರ ಮಗು, ಮನೆಮಾತು ಯಾವುದು ಅನ್ನುವುದನ್ನು ಪ್ರಶ್ನೆ ನೋಡಬಾರದು. ನೋಡಿತು ಅಂದರೆ ಆ ಪ್ರಶ್ನೆ ಗಣಿತದ ಜೊತೆ ಬೇರೆ ಏನನ್ನೋ ಅಳೆಯುತ್ತಿದೆ.

9ರಿಂದ 12ರವರೆಗೆ ಅಂಕ ಪಡೆದ 18 ಮಕ್ಕಳ ಹಾಳೆಗಳನ್ನು ಊಟದ ಟೇಬಲ್ ಮೇಲೆ ಎರಡು ಕಟ್ಟು ಮಾಡಿದೆ. ಮನೆಯಲ್ಲಿ ಕನ್ನಡ ಮಾತಾಡುವವರು 7 ಜನ. ಅವರಲ್ಲಿ 5 ಜನ ಏಳನೇ ಪ್ರಶ್ನೆ ಸರಿ ಮಾಡಿದ್ದರು. ತೆಲುಗಿನವರು 11 ಜನ. ಸರಿ ಮಾಡಿದವರು ಇಬ್ಬರೇ. ಉಳಿದ ಹತ್ತೊಂಬತ್ತು ಪ್ರಶ್ನೆಗಳಲ್ಲಿ ಎಲ್ಲೂ ಇಷ್ಟು ಅಂತರ ಇರಲಿಲ್ಲ.

ಹದಿನೆಂಟು ಮಕ್ಕಳನ್ನು ನೋಡಿ ತೀರ್ಮಾನ ಮಾಡಬಾರದು, ಗೊತ್ತು. ಈ ಥರದ ಲೆಕ್ಕಕ್ಕೆ ನೂರಾರು ಮಕ್ಕಳು ಬೇಕು. ಆದರೆ ನನ್ನ ಮಕ್ಕಳು ಎದುರಿಗೇ ಇದ್ದಾರಲ್ವಾ, ಕೇಳಬಹುದು. 11 ಅಂಕ ತೆಗೆದ ಒಬ್ಬ ಹುಡುಗಿಯ ಹಾಳೆಯಲ್ಲಿ 42 ಗುಣಿಸು 28, ಅದಕ್ಕೆ 35 ಗುಣಿಸಿ, 41,160 ರೂಪಾಯಿ ಎಂದಿತ್ತು. ಗುಣಾಕಾರದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಸುತ್ತಳತೆಯ ಬದಲು ವಿಸ್ತೀರ್ಣ ಮಾಡಿದ್ದಳು. ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಕರೆದು ಪ್ರಶ್ನೆ ಓದಿಸಿದೆ. ಓದಿದಳು. ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ಮೆಲ್ಲಗೆ, "ಬೇಲಿ ಅಂಟೇ ಏಮಿ ಮಿಸ್?" ಅಂದಳು.

"ಕಂಚೆ" ಅಂತ ತೆಲುಗಿನಲ್ಲೇ ಅಂದೆ.

"ಕಂಚೆನಾ!" ಅಂದವಳೇ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಹಾಳೆಯ ಹಿಂಬದಿಯಲ್ಲಿ ಆಯತ ಬರೆದು, ನಾಲ್ಕೂ ಬದಿ ಕೂಡಿ 140 ಮಾಡಿ, 4,900 ಎಂದು ಬರೆದು ಕೊಟ್ಟಳು. ಎರಡು ನಿಮಿಷ ಕೂಡ ಆಗಲಿಲ್ಲ.

ನಮ್ಮೂರಿನಲ್ಲಿ ಕತ್ತಾಳೆ ಬೇಲಿಯ ಪಕ್ಕದಲ್ಲೇ ಆಡಿ ಬೆಳೆದವಳು ನಾನು. ಬೇಲಿ ಅನ್ನುವ ಪದ ಗೊತ್ತಿಲ್ಲದ ಮಗು ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಅವಳ ಗಣಿತಕ್ಕೆ ಕಡಿಮೆ ಅಂಕ ಹಾಕಿದ್ದೆ, ಕಡಿಮೆ ಇದ್ದದ್ದು ಒಂದು ಪದ.

ಹಾಗಂತ ಬೇಲಿಯನ್ನು ಪ್ರಶ್ನೆಪತ್ರಿಕೆಯಿಂದ ತೆಗೆದುಬಿಟ್ಟರೆ ಸಾಕೇ? ಇಲ್ಲ. ನಾಳೆ ಎಸ್ಸೆಸ್ಸೆಲ್ಸಿಯಲ್ಲಿ ಅದೇ ಪದ ಬಂದರೆ ಅಲ್ಲಿ ಕಂಚೆ ಅಂತ ಹೇಳಿಕೊಡಲು ಯಾರೂ ಇರುವುದಿಲ್ಲ. ಅದಕ್ಕೆ ಎರಡು ಕೆಲಸ ಮಾಡುತ್ತಿದ್ದೇನೆ. ಮುಂದಿನ ಟೆಸ್ಟಿನಲ್ಲಿ ಹಳೆಯ ಆರು ಪ್ರಶ್ನೆಗಳನ್ನು ಒಂದಕ್ಷರ ಬದಲಿಸದೆ ಹಾಗೇ ಇಡುತ್ತೇನೆ. ಆಗ ಎರಡು ಟೆಸ್ಟುಗಳನ್ನೂ ಒಂದೇ ಪಟ್ಟಿಯಲ್ಲಿ ಅಳೆಯಬಹುದು. ತೋಟದ ಪ್ರಶ್ನೆಯನ್ನು ಚಿತ್ರದ ಜೊತೆ ಕೇಳಿ, ಆ 0.38 ಎಷ್ಟು ಕೆಳಗಿಳಿಯುತ್ತದೆ ನೋಡಬೇಕು.

ಇನ್ನೊಂದು, ಕನ್ನಡ ಟೀಚರ್ ಜೊತೆ ಸೇರಿ ಕ್ಲಾಸಿನ ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿದ್ದೇವೆ. ಬೇಲಿ, ಕಂಚೆ. ಸಾಲ, ಅಪ್ಪು. ಅಗಲ, ವೆಡಲ್ಪು. ನಿನ್ನೆ ಆ ಹುಡುಗಿಯೇ ಬಂದು ಕೆಳಗೆ ಎರಡು ಸಾಲು ಸೇರಿಸಿದಳು: ಎತ್ತರ ಅಂದರೆ ಎತ್ತು. ಎತ್ತು ಅಂದರೆ ಎದ್ದು.