ಕೆಂಪು ಬಂಡೆ ಮುಂದೆ ಅಮ್ಮ

ಲಾಸ್ ವೇಗಸ್‌ನ ದೀಪಗಳಿಂದ ಕಾರಿನಲ್ಲಿ ಅರ್ಧ ಗಂಟೆ ಅಷ್ಟೇ, ರೆಡ್ ರಾಕ್ ಕ್ಯಾನ್ಯನ್. ಕ್ಯಾಸಿನೋ ನೋಡಿ "ತಲೆ ಸಿಡೀತಿದೆ ಕಣೋ" ಅಂದಿದ್ದ ಅಮ್ಮ ಇಲ್ಲಿ ಕಾರಿಳಿದವಳೇ ಸುಮ್ಮನಾಗಿಬಿಟ್ಟಳು.

13 ಮೈಲಿಯ ಒನ್‌ವೇ ರಸ್ತೆ. ಕ್ಯಾಲಿಕೋ ಹಿಲ್ಸ್ ಹತ್ತಿರ ಬಂಡೆಯ ಮೇಲೆ ಕೈಯಾಡಿಸಿದಳು. ಅಂಗೈಗೆ ಸಣ್ಣ ಮರಳು ಅಂಟಿತು. "ಉದುರುತ್ತಲ್ಲೋ ಇದು! ನಮ್ಮ ಬಾದಾಮಿ ಕಲ್ಲಿನ ಥರ." ಸರಿಯಾಗೇ ಹೇಳಿದಳು, ಎರಡೂ ಮರಳುಗಲ್ಲೇ. ಸುಮಾರು 18 ಕೋಟಿ ವರ್ಷದ ಹಿಂದೆ ಇಲ್ಲಿದ್ದದ್ದು ಬರೀ ಮರಳಿನ ದಿಬ್ಬಗಳು. ಗಾಳಿ ಎಳೆದ ಓರೆ ಗೆರೆಗಳು ಕಲ್ಲಿನಲ್ಲಿ ಇನ್ನೂ ಹಾಗೇ ಇವೆ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು.

ತಮಾಷೆ ಅಂದರೆ, ಬೆಟ್ಟದ ಮೇಲಿರುವ ಬೂದು ಸುಣ್ಣದಕಲ್ಲು ಕೆಳಗಿನ ಕೆಂಪು ಕಲ್ಲಿಗಿಂತ ತುಂಬಾ ಹಳೆಯದು. ಭೂಮಿ ಒತ್ತಿ ಒತ್ತಿ ಹಳೆಯದನ್ನೇ ಮೇಲಕ್ಕೆ ಹತ್ತಿಸಿದೆ. ಅಜ್ಜಿ ಮೊಮ್ಮಗನ ಹೆಗಲೇರಿದ ಹಾಗೆ, ಅಲ್ವಾ?

ಇಷ್ಟು ವರ್ಷ ಬಂದ ನೆಂಟರಿಗೆಲ್ಲ ದೀಪಗಳನ್ನೇ ತೋರಿಸಿ ಕಳಿಸಿದ್ದೆನಲ್ಲ ಅನ್ನಿಸಿತು. ಎರಡು ಬಾಟಲಿ ನೀರು ಮಾತ್ರ ಏನೇನೂ ಸಾಲಲಿಲ್ಲ. ಅದಕ್ಕೆ ಬೈಸಿಕೊಂಡಿದ್ದೂ ಆಯಿತು.

ರಾತ್ರಿ ನೋಡಿದರೆ ಬಾಗಿಲ ಹತ್ತಿರ, ಅಮ್ಮನ ಚಪ್ಪಲಿ ಸುತ್ತ ಒಂದು ಚಿಟಿಕೆ ಕೆಂಪು ಮರಳು.