ಅತ್ತಿಮಬ್ಬೆ ಎಂಬ ಹೆಸರನ್ನು ಮಗಳಿಗೆ ಏಕೆ ಇಡಲಿಲ್ಲ?

ಶಾಸನಗಳನ್ನೂ ವಚನಗಳನ್ನೂ ಓದುವುದು, ಓದಿಸುವುದು ನನ್ನ ಕೆಲಸವಾದ್ದರಿಂದ ಪರಿಚಿತರ ಮನೆಯಲ್ಲಿ ತೊಟ್ಟಿಲು ಕಟ್ಟುವ ಹೊತ್ತಿಗೆ ನನಗೊಂದು ಫೋನು ಬರುವುದು ವಾಡಿಕೆಯಾಗಿದೆ. ಯಾರೂ ಇಡದಂಥ ಒಂದು ಹಳೆಯ ಕನ್ನಡದ ಹೆಸರು ಹೇಳಿ ಎನ್ನುತ್ತಾರೆ. ನಾನು ನಾಲ್ಕಾರು ಹೆಸರು ಹೇಳುತ್ತೇನೆ. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ನಿಮ್ಮ ಮಗಳಿಗೆ ನೀವೇಕೆ ಇಂಥ ಹೆಸರು ಇಡಲಿಲ್ಲ?” ಎಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ನನ್ನ ಮಗಳಿಗಿರುವುದು ಮೂರಕ್ಷರದ, ಅವಳ ತರಗತಿಯಲ್ಲೇ ಇನ್ನೊಬ್ಬಳಿಗೂ ಇರುವ ಹೆಸರು. ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅತ್ಯಂತ ಪ್ರೀತಿಸುವ ಹೆಸರು ಅತ್ತಿಮಬ್ಬೆ. ಗದಗದ ಪಕ್ಕದ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು, ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದವಳು, ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳು ಅವಳು. ಲಕ್ಕುಂಡಿಯ 1007ರ ಶಾಸನದಲ್ಲಿ ಅವಳ ಹೆಸರನ್ನು ಮೊದಲ ಬಾರಿ ನಾನೇ ಅಕ್ಷರ ಕೂಡಿಸಿ ಓದಿದಾಗ ನನಗೆ ಇಪ್ಪತ್ತೆರಡು ವರ್ಷ. ತ-ಕಾರದ ಒತ್ತು, ಬ-ಕಾರದ ಒತ್ತು, ನಡುವೆ ತುಟಿ ಮುಚ್ಚಿ ತೆರೆಯುವ ಒಂದು ಮ-ಕಾರ: ಹೇಳಿದರೆ ಬಾಯಿ ತುಂಬುತ್ತದೆ. ಮಗಳು ಹುಟ್ಟಿದರೆ ಇದೇ ಹೆಸರು ಎಂದು ಆವತ್ತೇ ಅಂದುಕೊಂಡಿದ್ದೆ.

ಹಳೆಯ ಕಾಲದ ಇನ್ನೂ ಎಷ್ಟೋ ಹೆಸರುಗಳು ಹೀಗೆಯೇ ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಬಾದಾಮಿಯ ತಟ್ಟುಕೋಟೆಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ ಕೆತ್ತಿದ ತ್ರಿಪದಿಗಳಲ್ಲಿ ಸಾಧುವಿಗೆ ಸಾಧುವೆಂದೂ ಮಾಧುರ್ಯಕ್ಕೆ ಮಾಧುರ್ಯವೆಂದೂ ಹೊಗಳಿಸಿಕೊಂಡ ಕಪ್ಪೆ ಅರಭಟ್ಟನಿದ್ದಾನೆ. ಗಂಗರ ದೊರೆ ಬೂತುಗ ಮೆಚ್ಚಿ ಬೇಡಿಕೊ ಎಂದಾಗ ಕಾಳಿ ಎಂಬ ನಾಯಿಯನ್ನು ಬೇಡಿಕೊಂಡ, ಅದು ಹಂದಿಯೊಡನೆ ಕಾದಾಡಿ ಸತ್ತಾಗ ಅದರ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ಮಣಲೆರನಿದ್ದಾನೆ. ನೂಲುವ ಕಾಯಕವನ್ನೇ ವಚನವಾಗಿಸಿದ ಕದಿರ ರೆಮ್ಮವ್ವೆ ಇದ್ದಾಳೆ. ಇವರಲ್ಲಿ ಯಾರ ಹೆಸರನ್ನೂ ನಾನು ಮಗುವಿಗೆ ಇಡುವವಳಲ್ಲ.

ನನ್ನ ಮಗಳು ಉತ್ತರಾಭಾದ್ರಾ ನಕ್ಷತ್ರದಲ್ಲಿ ಹುಟ್ಟಿದಳು. 27 ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದಗಳಂತೆ 108 ಅಕ್ಷರಗಳನ್ನು ಹಂಚಿರುವ ಪದ್ಧತಿಯಲ್ಲಿ ಆ ನಕ್ಷತ್ರಕ್ಕೆ ಬರುವವು ದು, ಥ, ಝ, ಞ. ಪಂಚಾಂಗ ನೋಡಿದವರು ‘ದು’ ಎಂದು ಬರೆದುಕೊಟ್ಟಾಗ ನನಗೆ ಮೊದಲು ಹೊಳೆದದ್ದು ದುಗ್ಗಳೆ. ಜೇಡರ ದಾಸಿಮಯ್ಯನ ಹೆಂಡತಿ, ತಾನೂ ವಚನಕಾರ್ತಿ. ಇವಳನ್ನು ಮನೆಗೆ ತಂದು ತಾನು ಬದುಕಿಕೊಂಡೆನೆಂದು ದಾಸಿಮಯ್ಯ ತನ್ನ ವಚನವೊಂದರಲ್ಲಿ ಹೇಳಿಕೊಂಡಿದ್ದಾನೆ. ಗಂಡನೊಬ್ಬ ಹೆಂಡತಿಯ ಹೆಸರನ್ನು ಕವಿತೆಯೊಳಗಿಟ್ಟು ಹೀಗೆ ಹೇಳಿದ್ದನ್ನು ಕನ್ನಡದಲ್ಲಿ ನಾನು ಹೆಚ್ಚಾಗಿ ಓದಿಲ್ಲ. ಹೀಗೆ ಅತ್ತಿಮಬ್ಬೆಗೆ ದುಗ್ಗಳೆ ಎದುರು ನಿಂತಳು, ನಾನು ಎರಡರ ನಡುವೆ ತೂಗಾಡಿದೆ.

ಜನನವನ್ನು 21 ದಿನಗಳೊಳಗೆ ತಿಳಿಸಬೇಕೆಂಬ ನಿಯಮವಿದ್ದರೂ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಅದನ್ನು ತುಂಬಿಸಲು ಅವಕಾಶವಿದೆ. ನಾವೂ ಖಾಲಿ ಬಿಟ್ಟೆವು. ಬಾಣಂತನ ಮುಗಿಸಿ ಮೂರನೆಯ ತಿಂಗಳಲ್ಲಿ ಗಂಡನ ಮನೆಗೆ ಬಂದಾಗಲೂ ಮಗು ಬರೀ ‘ಕೂಸು’ ಆಗಿತ್ತು. ತೊಟ್ಟಿಲ ಶಾಸ್ತ್ರಕ್ಕೆ ಒಂದು ವಾರ ಉಳಿದಿತ್ತು. ನನ್ನ ಅತ್ತೆ ಹೆಚ್ಚು ಓದಿದವರಲ್ಲ. ನಾನು ಹೇಳಿದ ಎರಡೂ ಹೆಸರುಗಳನ್ನು ಗಮನವಿಟ್ಟು ಕೇಳಿಸಿಕೊಂಡರೇ ಹೊರತು ಬೇಡವೆನ್ನಲಿಲ್ಲ. ಮರುದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದು ಬಂದವರು ಹೊಸ್ತಿಲ ಮೇಲೆ ನಿಂತು, ಓಣಿಯ ಕಡೆ ಮುಖ ಮಾಡಿ, “ಅತ್ತಿಮಬ್ಬೇ, ಏ ಅತ್ತಿಮಬ್ಬೇ, ಹೊತ್ತಾತು ಬಾ ಒಳಗ” ಎಂದು ಗಟ್ಟಿಯಾಗಿ ಕೂಗಿದರು. ಓಣಿಯಲ್ಲಿ ಯಾರೂ ಇರಲಿಲ್ಲ. ಸಂಜೆ ಮತ್ತೆ ಕೂಗಿದರು. ಮೂರು ದಿನ ಹೀಗೆಯೇ ನಡೆಯಿತು. ಎರಡನೆಯ ದಿನಕ್ಕೆ ‘ಅತ್ತಿಮಬ್ಬೆ’ ಸವೆದು ‘ಅತ್ತಿಮಾ’ ಆಗಿತ್ತು, ಮೂರನೆಯ ದಿನಕ್ಕೆ ‘ಅತ್ತಿ’. ನಮ್ಮ ಕಡೆ ಅತ್ತೆಯನ್ನು ಕರೆಯುವುದೇ ‘ಅತ್ತಿ’ ಎಂದು. ಅಡುಗೆಮನೆಯಿಂದ ನಾನು ಅತ್ತಿ ಎಂದರೆ ಅವರು ತಿರುಗಬೇಕು, ಅವರು ಅತ್ತಿ ಎಂದರೆ ಕೂಸು ತಿರುಗಬೇಕು.

ಮೂರನೆಯ ದಿನ ರಾತ್ರಿ ಅವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, “ಹೆಸರು ಭಾಳ ಛಲೋ ಐತಿ ನೋಡವಾ. ಆದ್ರ ಕೂಸು ಬಿದ್ದಾಗ ಓಡಿಹೋಗಿ ಕೂಗಾಕ ಬರಾಂಗಿಲ್ಲ” ಎಂದರು. ದುಗ್ಗಳೆಯ ಬಗೆಗೆ ಅವರಿಗೆ ಅಷ್ಟು ತೊಡಕಿರಲಿಲ್ಲ. ದುಗ್ಗವ್ವ ಅವರಿಗೆ ಗೊತ್ತಿದ್ದ ದೇವರು. ಆದರೆ ಕೊನೆಯ ‘ಳೆ’ ಅವರ ಬಾಯಲ್ಲಿ ನಿಲ್ಲಲಿಲ್ಲ, ನಾನು ಪ್ರೀತಿಸಿದ್ದ ಹೆಸರು ಆ ‘ಳೆ’ಯಲ್ಲಿಯೇ ಇತ್ತು.

ಆ ರಾತ್ರಿ ನಾನು ಯೋಚಿಸಿದ್ದೇ ನನ್ನ ಉತ್ತರದ ಮುಖ್ಯ ಭಾಗ. ಅತ್ತಿಮಬ್ಬೆ ಎಂಬುದು ಅವಳ ಕಾಲದಲ್ಲಿ ಅಪರೂಪದ ಹೆಸರಾಗಿರಲಿಲ್ಲ. ಅವಳ ತಂಗಿ ಗುಂಡಮಬ್ಬೆ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ನಾಗರಖಂಡವನ್ನು ಆಳಿದವಳು ಜಕ್ಕಿಯಬ್ಬೆ. ಓಣಿಯ ಈ ತುದಿಯಲ್ಲಿ ಒಬ್ಬಳು ಅಬ್ಬೆಯನ್ನು ಕರೆದರೆ ಆ ತುದಿಯಲ್ಲಿ ಇನ್ನೊಬ್ಬಳು ಅಬ್ಬೆ ಓಗೊಡುತ್ತಿದ್ದ ಕಾಲ ಅದು. ಅಬ್ಬೆ ಎಂದರೆ ತಾಯಿ. ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿ ಅಬ್ಬೆಯೇ. ಉಳಿದ ಕಡೆ ಆ ಮಾತು ಸವೆದುಹೋಗಿದೆ, ಬೆಂಗಳೂರಿನ ಶಾಲೆಯೊಂದರ ಅಂಗಳದಲ್ಲಿ ಅದನ್ನು ಕೂಗಿದರೆ ಮಕ್ಕಳಿಗೆ ಕೇಳಿಸುವುದು ಹಿಂದಿಯ ಒರಟು ‘ಅಬೇ’. ಗುಂಡಮಬ್ಬೆ, ಜಕ್ಕಿಯಬ್ಬೆಯರಿಲ್ಲದ ಊರಿನಲ್ಲಿ ಒಬ್ಬಳೇ ಅತ್ತಿಮಬ್ಬೆಯಾಗಿರುವುದೆಂದರೆ ಹೊಲದ ನಡುವೆ ಒಂಟಿ ವೀರಗಲ್ಲು ನಿಂತಂತೆ. ದಾರಿಹೋಕರೆಲ್ಲ ನಿಂತು ಕೇಳುತ್ತಾರೆ, ಅದು ಪ್ರತಿಯೊಬ್ಬರಿಗೂ ತನ್ನ ಕಥೆ ಹೇಳಬೇಕು. ಆ ಕಥೆ ಹೇಳುವ ಆಸೆ ನನ್ನದು, ಹೇಳಬೇಕಾದ ದುಡಿಮೆ ಮಾತ್ರ ಮಗಳದ್ದು. ಯಾರೂ ಇಡದ ಹೆಸರು ಬೇಕೆನ್ನುವವರು ಇದನ್ನು ಎಣಿಸುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಆ ಹೆಸರನ್ನು ಯಾರೂ ಮುಂದಕ್ಕೆ ಸಾಗಿಸಲಿಲ್ಲವೇ? ರನ್ನ ತನ್ನ ಮಗಳಿಗೆ ಇಟ್ಟದ್ದು ಅತ್ತಿಮಬ್ಬೆ ಎಂಬ ಹೆಸರನ್ನೇ. ಮಗನಿಗೆ ತನ್ನನ್ನು ಪೊರೆದ ಚಾವುಂಡರಾಯನ ನೆನಪಿನಲ್ಲಿ ರಾಯ ಎಂದಿಟ್ಟ. ಅವನಿಗೆ ಅತ್ತಿಮಬ್ಬೆ ಎಂಬುದು ವಿಶೇಷ ಹೆಸರೆನ್ನುವುದಕ್ಕಿಂತ ತನಗೆ ನೆರಳಾಗಿದ್ದ, ತಾನು ಕಣ್ಣಾರೆ ಕಂಡ ಹೆಂಗಸಿನ ಹೆಸರಾಗಿತ್ತು. ಇದನ್ನು ನೆನೆದ ಮೇಲೆ ನನಗೆ ದಾರಿ ಸ್ಪಷ್ಟವಾಯಿತು. ನಾನು ಅತ್ತಿಮಬ್ಬೆಯನ್ನು ಓದಿದವಳು, ಕಂಡವಳಲ್ಲ. ನಾನು ಕಂಡವಳು ನನ್ನ ಅಜ್ಜಿ. ಗೋದಿಯ ಹೊಲದಲ್ಲಿ ದುಡಿದು, ಊರಿನಲ್ಲಿ ಯಾರೂ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸದಿದ್ದಾಗ ನನ್ನ ತಾಯಿಯ ಫೀ ಕಟ್ಟಲು ಕಿವಿಯ ಬೆಂಡೋಲೆಯನ್ನು ಬಿಚ್ಚಿಕೊಟ್ಟವಳು. ಅವಳದ್ದು ಮೂರಕ್ಷರದ, ಊರೂರಿನಲ್ಲಿಯೂ ಇರುವ ಹೆಸರು. ತೊಟ್ಟಿಲ ಶಾಸ್ತ್ರದ ದಿನ ಮಗುವಿನ ಸೋದರತ್ತೆ ಬಗ್ಗಿ ಕಿವಿಯಲ್ಲಿ ಆ ಹೆಸರನ್ನು ಹೇಳಿದಳು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು, ನನ್ನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಫೋನು ಮಾಡುವವರಿಗೆ ನಾನು ಈಗಲೂ ಅತ್ತಿಮಬ್ಬೆ, ದುಗ್ಗಳೆ, ಅರಭಟ್ಟ, ಮಣಲೆರರ ಹೆಸರು ಹೇಳುತ್ತೇನೆ, ಪ್ರತಿಯೊಂದರ ಜೊತೆಗೆ ಅವರು ಯಾರೆಂಬುದನ್ನೂ ಹೇಳುತ್ತೇನೆ. ಆಮೇಲೆ, ಇಡಲೇಬೇಕೆಂದಿದ್ದರೆ ನೋಂದಣಿಯ ಕಾಗದಕ್ಕೆ ಬರೆಯುವ ಮೊದಲು ಮೂರು ದಿನ ಬೆಳಿಗ್ಗೆ ಸಂಜೆ ಹೊಸ್ತಿಲ ಮೇಲೆ ನಿಂತು ಗಟ್ಟಿಯಾಗಿ ಕೂಗಿ ನೋಡಿ, ಮನೆಯ ಹಿರಿಯರಿಂದಲೂ ಕೂಗಿಸಿ ಎನ್ನುತ್ತೇನೆ.