ಹಂದಿ ಹೋಯಿತು, ಸಾಸೇಜು ಉಳಿಯಿತು

ಪೆನ್ರಿತ್ ಪೇಟೆಗೆ ಬಂದ ಹೊಸತರಲ್ಲಿ ಮಾಂಸದ ಅಂಗಡಿಯ ಗಾಜಿನ ಹಿಂದೆ ದೊಡ್ಡದೊಂದು ಚಕ್ಕುಲಿ ಕಂಡು ನಿಂತುಬಿಟ್ಟೆ. ಹತ್ತಿರ ಹೋದರೆ ಅದು ಸಾಸೇಜು. ತುಂಡು ತುಂಡಾಗಿ ಗಂಟು ಹಾಕಿರಲಿಲ್ಲ. ಒಂದೇ ಉದ್ದನೆಯ ಹಗ್ಗವನ್ನು ಸುರುಳಿ ಸುತ್ತಿ ತಟ್ಟೆಯಲ್ಲಿಟ್ಟಂತೆ ಇಟ್ಟಿದ್ದರು. ಮೇಲೆ ಚೀಟಿ: ಕಂಬರ್ಲೆಂಡ್ ಸಾಸೇಜು. ಕಂಬರ್ಲೆಂಡ್ ಎಂದರೆ ಇಂಗ್ಲೆಂಡಿನ ವಾಯವ್ಯ ಮೂಲೆಯ ಈ ಸೀಮೆಯ ಹಳೆಯ ಹೆಸರು. ನಾನು ಮಳವಳ್ಳಿ ಕಡೆಯವಳು. ಮಾಂಸದ ಅಂಗಡಿಯ ಹಲಗೆಯ ಮೇಲೆ ಊರಿನ ಹೆಸರು ಕಂಡರೆ ಆ ಊರಿನ ಪ್ರಾಣಿ ಎಲ್ಲಿದೆ ಎಂದು ಕೇಳುವುದು ನಮಗೆ ಹುಟ್ಟಿನಿಂದ ಬಂದ ಚಾಳಿ. ಮಗನಿಗೆ ತೋರಿಸಬೇಕು, ಕಂಬರ್ಲೆಂಡ್ ಹಂದಿ ಯಾರ ಫಾರ್ಮಿನಲ್ಲಿದೆ ಎಂದು ವಿಚಾರಿಸಿದೆ. ಅಂಗಡಿಯವನು ಚಾಕು ಕೆಳಗಿಟ್ಟು ನಕ್ಕ. "ಅದು ನಾನು ಹುಟ್ಟುವ ಮೊದಲೇ ಸತ್ತುಹೋಗಿದೆ" ಎಂದ.

ತಮಾಷೆಗೆ ಹೇಳುತ್ತಿದ್ದಾನೆ ಎಂದುಕೊಂಡಿದ್ದೆ. ನಿಜವೇ ಆಗಿತ್ತು. ಕೊನೆಯ ಕಂಬರ್ಲೆಂಡ್ ಹಂದಿ 1960ರಲ್ಲಿ ಬಾಥೆಲ್ ಎಂಬ ಹಳ್ಳಿಯಲ್ಲಿ ಸತ್ತಿತು. ಆ ಹಳ್ಳಿ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಬಿಳಿ ಮೈ, ಜೋಲು ಕಿವಿ, ಮೈತುಂಬ ಕೊಬ್ಬು, ನಿಧಾನದ ಬೆಳವಣಿಗೆ. ಚಳಿ ತಡೆದು ಹಿತ್ತಿಲಲ್ಲಿ ಬದುಕುವ ಹಂದಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜನರಿಗೆ ಕೊಬ್ಬು ಬೇಡವಾಯಿತು, ಬೇಗ ಬೆಳೆಯುವ ತೆಳು ಮೈಯ ಹಂದಿ ಬೇಕಾಯಿತು. 1949ರಲ್ಲಿ ಸ್ವೀಡನ್ನಿನಿಂದ ಲ್ಯಾಂಡ್‌ರೇಸ್ ತಳಿ ಬಂತು. 1955ರಲ್ಲಿ ಸರ್ಕಾರದ ಸಮಿತಿಯೊಂದು, ಇಷ್ಟೊಂದು ತಳಿಗಳನ್ನು ಇಟ್ಟುಕೊಂಡು ಡೆನ್ಮಾರ್ಕಿನವರೊಂದಿಗೆ ಪೈಪೋಟಿ ಮಾಡಲಾಗದು, ಲಾರ್ಜ್ ವೈಟ್, ಲ್ಯಾಂಡ್‌ರೇಸ್ ಮತ್ತು ವೆಲ್ಷ್ ಎಂಬ ಮೂರರ ಮೇಲೆ ಗಮನವಿಡಿ ಎಂದು ವರದಿ ಕೊಟ್ಟಿತು. ಉಳಿದ ತಳಿಗಳನ್ನು ಸಾಯಿಸಿ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಕಥೆ ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಂದಿ ಸತ್ತು ಐವತ್ತೊಂದು ವರ್ಷವಾದ ಮೇಲೆ, 2011ರಲ್ಲಿ, ಅದರ ಹೆಸರಿನ ಸಾಸೇಜಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಇದೆಯಲ್ಲ, ಹಾಗೆಯೇ. ಈ ಸೀಮೆಯಲ್ಲೇ ತಯಾರಾಗಬೇಕು, ಮಾಂಸ ಕನಿಷ್ಠ ಶೇಕಡಾ 80 ಇರಬೇಕು, ಸುರುಳಿ ಸುತ್ತಿರಬೇಕು ಎಂದೆಲ್ಲ ಕಟ್ಟಳೆಗಳಿವೆ. ಹಂದಿ ಯಾವ ತಳಿಯದು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ತಾನೇ ಉತ್ತರ ಹುಡುಕುವ ಕಷ್ಟ!

ನಗುವ ಅಧಿಕಾರ ನಮಗಿಲ್ಲ. ಬೆಂಗಳೂರಿನಲ್ಲಿ ‘ಬನ್ನೂರು ಕುರಿ ಮಾಂಸ’ ಎಂದು ಬರೆದ ಹಲಗೆಗಳನ್ನು ಎಣಿಸಿದರೆ ಬನ್ನೂರು, ಮಳವಳ್ಳಿ ಸೀಮೆಯ ಶುದ್ಧ ತಳಿಯ ಕುರಿಗಳಿಗಿಂತ ಹಲಗೆಗಳೇ ಹೆಚ್ಚಿದ್ದಾವು. ಸರ್ಕಾರಿ ಕಾಗದದಲ್ಲಿ ಅದು ಮಂಡ್ಯ ತಳಿ, ನಮ್ಮ ಬಾಯಲ್ಲಿ ಬಂಡೂರು ಕುರಿ. ಗಿಡ್ಡ ಕಾಲು, ಪೀಪಾಯಿಯಂತಹ ಮೈ. ಕೊಳ್ಳುವವರು ಹಿಂದಿನಿಂದ ನೋಡಿಯೇ ಬೆಲೆ ಕಟ್ಟುತ್ತಾರೆ. ಎರಡು ತೊಡೆಗಳ ನಡುವಿನ ಆಕಾರ ಇಂಗ್ಲಿಷಿನ ‘ಯು’ ಅಕ್ಷರವನ್ನು ಬೋರಲು ಹಾಕಿದಂತಿರಬೇಕು. ಅಂತಹ ಟಗರು ಬೇಕೆಂದು ಈಗ ಸಂತೆಗೆ ಹೋದರೆ ಬರಿಗೈಯಲ್ಲಿ ವಾಪಸಾಗುವ ಸಾಧ್ಯತೆಯೇ ಹೆಚ್ಚು. ಹೆಸರಿಗೆ ಬೆಲೆ ಬಂದಷ್ಟೂ ಹೆಸರಿನೊಳಗೆ ಎತ್ತರದ ಕಾಲಿನ, ಬೇಗ ತೂಕ ಬರುವ ಬೇರೆ ಕುರಿಗಳು ನುಸುಳಿಕೊಂಡವು.

ಇಲ್ಲಿಯವರು ಸ್ವಲ್ಪ ತಡವಾಗಿಯಾದರೂ ಎಚ್ಚೆತ್ತರು. 1973ರಲ್ಲಿ ಅಪರೂಪದ ತಳಿಗಳ ಉಳಿವಿಗೆಂದೇ ಒಂದು ಟ್ರಸ್ಟ್ ಹುಟ್ಟಿಕೊಂಡಿತು. 1900ರಿಂದ ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ 26 ನಾಟಿ ತಳಿಗಳು ಅಳಿದಿದ್ದವು ಎಂಬುದು ಅವರ ಲೆಕ್ಕ. ಗುಂಗುರು ಕೂದಲಿನ ಲಿಂಕನ್‌ಶೈರ್ ಹಂದಿ ಆಗಷ್ಟೇ ಕಣ್ಣು ಮುಚ್ಚಿತ್ತು. ಟ್ರಸ್ಟ್ ಪ್ರತಿವರ್ಷ ಒಂದು ಪಟ್ಟಿ ಹೊರಡಿಸುತ್ತದೆ. ಯಾವ ತಳಿ ಎಷ್ಟು ಅಪಾಯದಲ್ಲಿದೆ ಎಂಬ ಜಾತಕ ಅದು. ಹಿಂದೆ ಮುಖ್ಯವಾಗಿ ಮರಿ ಹಾಕುವ ಹೆಣ್ಣುಗಳ ಸಂಖ್ಯೆ ನೋಡಿ ಜಾತಕ ಬರೆಯುತ್ತಿದ್ದರು: ಹೆಣ್ಣುಕುರಿಗಳು 300ಕ್ಕಿಂತ ಕಡಿಮೆಯಾದರೆ ಅತಿ ಗಂಡಾಂತರ, 3,000 ದಾಟಿದರೆ ಪಟ್ಟಿಯಿಂದ ಬಿಡುಗಡೆ. ಬರಬರುತ್ತ ರಕ್ತಸಂಬಂಧದೊಳಗೇ ಎಷ್ಟು ಕೂಡಿಕೆಯಾಗಿದೆ, ಎಲ್ಲವೂ ಒಂದೇ ಕಡೆ ಇವೆಯೇ ಎಂಬುದನ್ನೂ ತೂಗಿ ನೋಡತೊಡಗಿದರು. ಆ ಕೊನೆಯ ಪ್ರಶ್ನೆಯ ಅರ್ಥ ನನಗಾದದ್ದು ಹರ್ಡ್‌ವಿಕ್ ಕುರಿಗಳಿಂದ.

ಅದಕ್ಕೆ ಮೊದಲು ಹಂದಿಗಳ ಬಗ್ಗೆ ಇನ್ನೊಂದು ಮಾತು. ಗ್ಲಾಸ್ಟರ್‌ಶೈರ್ ಓಲ್ಡ್ ಸ್ಪಾಟ್ಸ್ ಎಂಬ ಚುಕ್ಕೆ ಹಂದಿ ಸೇಬಿನ ತೋಟಗಳಲ್ಲಿ ಬಿದ್ದ ಹಣ್ಣು ತಿಂದು ಬೆಳೆಯುತ್ತಿತ್ತು. ಹಣ್ಣು ಬೆನ್ನಿಗೆ ಬಿದ್ದು ಕಂದಿದ ಗಾಯಗಳೇ ಆ ಚುಕ್ಕೆಗಳು ಎಂದು ಅಲ್ಲಿನವರು ಮಕ್ಕಳಿಗೆ ಹೇಳುತ್ತಾರೆ. ಚುಕ್ಕೆಯಿದೆ, ಕಥೆಯಿದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಸಾಕುವವರೂ ಸಿಕ್ಕರು. ಬ್ರಿಟಿಷ್ ಲಾಪ್ ಎಂಬ ಇನ್ನೊಂದು ಹಂದಿಗೆ ಚುಕ್ಕೆಯಿಲ್ಲ, ಬಣ್ಣವಿಲ್ಲ, ನೋಡಿದರೆ ಸಾಧಾರಣ ಬಿಳಿ ಹಂದಿ. ಅದು ಇಂದಿಗೂ ಕಷ್ಟದಲ್ಲಿದೆ. ಉಳಿಯಲು ಚೆಂದವೂ ಬೇಕು ಎನ್ನುವುದು ಮನುಷ್ಯರ ಮದುವೆ ಮಾತುಕತೆಯಲ್ಲಿ ಮಾತ್ರ ಎಂದುಕೊಂಡಿದ್ದೆ.

ಈಗ ಕುರಿಗಳಿಗೆ ಬರುತ್ತೇನೆ. ನನ್ನೊಂದಿಗೆ ಕೆಲಸ ಮಾಡುವ ಗೆಳತಿಯ ಗಂಡ ಕುರಿಗಾರ. ಅಲ್ಸ್‌ವಾಟರ್ ಸರೋವರದ ಮೇಲಿನ ಗುಡ್ಡಗಳಲ್ಲಿ ಅವರ ಹರ್ಡ್‌ವಿಕ್ ಮಂದೆ ಮೇಯುತ್ತದೆ. ಹುಟ್ಟುವಾಗ ಮರಿ ಕಪ್ಪು, ವರ್ಷ ತುಂಬುವಾಗ ಕಂದು, ಮೊದಲ ಸಲ ತುಪ್ಪಟ ಕತ್ತರಿಸಿದ ಮೇಲೆ ಬೂದು. ವಯಸ್ಸಾದಂತೆ ಇನ್ನಷ್ಟು ಬೆಳ್ಳಗೆ. ನಮ್ಮಂತೆಯೇ. ಮುಖ ಮಾತ್ರ ಇಬ್ಬನಿ ಕೂತಂತೆ ಬಿಳಿ, ಬಾಯಿ ನಗುತ್ತಿರುವ ಹಾಗೆ.

ಜುಲೈಯಲ್ಲಿ ತುಪ್ಪಟ ಕತ್ತರಿಸಲು ಮಂದೆ ಇಳಿಸುವ ದಿನ ನಮ್ಮನ್ನೂ ಕರೆದಿದ್ದರು. ಮೇಲೆ ಹೋಗಿ ನೋಡಿದರೆ ಬೇಲಿಯೇ ಇಲ್ಲ. ಗುಡ್ಡವೆಲ್ಲ ನಮ್ಮ ಗೋಮಾಳದಂತೆ. ಹಲವು ಮನೆಗಳ ಕುರಿಗಳು ಒಂದೇ ಬಯಲಲ್ಲಿ ಮೇಯುತ್ತವೆ. ಹಾಗಾದರೆ ಬೆರೆತುಹೋಗುವುದಿಲ್ಲವೇ? ಅಷ್ಟಾಗಿ ಬೆರೆಯುವುದಿಲ್ಲ. ಪ್ರತಿ ಮಂದೆಗೂ ಗುಡ್ಡದ ಮೇಲೆ ತನ್ನದೇ ಒಂದು ನೆಲೆಯಿದೆ, ಈ ಕಡೆಯವರು ಅದನ್ನು ‘ಹೀಫ್’ ಎನ್ನುತ್ತಾರೆ. ತಾಯಿಯ ಹಿಂದೆ ಅಲೆಯುತ್ತ ಮರಿ ತನ್ನ ಎಲ್ಲೆ ಕಲಿಯುತ್ತದೆ. ಅದು ತಾಯಾದಾಗ ತನ್ನ ಮರಿಗೆ ಕಲಿಸುತ್ತದೆ. ಕುರುಬನಿಗಿಂತ ಹಳೆಯ ನಕಾಶೆ ಕುರಿಯ ತಲೆಯೊಳಗಿದೆ. ತಪ್ಪಿಸಿಕೊಂಡ ಒಂದೆರಡಕ್ಕೆಂದು ಕಿವಿಯ ಕಚ್ಚು, ಬೆನ್ನಿನ ಬಣ್ಣದ ಗುರುತು ಇರುತ್ತವೆ. ಯಾವ ಗುರುತು ಯಾರ ಮನೆಯದು ಎಂದು ಚಿತ್ರಸಮೇತ ತಿಳಿಸುವ ಪುಸ್ತಕವನ್ನು 1817ರಲ್ಲೇ ಅಚ್ಚು ಹಾಕಿಸಿದ್ದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಯಜಮಾನ ನನ್ನ ಮಗನಿಗೆ ಹಳೆಯ ಎಣಿಕೆ ಹೇಳಿಕೊಟ್ಟ: "ಯಾನ್, ಟ್ಯಾನ್, ಟೆಥೆರಾ, ಮೆಥೆರಾ, ಪಿಂಪ್." ಇಂಗ್ಲಿಷಿನ ಒನ್, ಟೂ ಕೇಳಿದ ಕಿವಿಗೆ ಅದು ಬೇರೆಯೇ ಭಾಷೆಯಂತೆ ಕೇಳುತ್ತದೆ. ಇವನು ಮನೆಗೆ ಬಂದು ಒಂದು ವಾರ ದೋಸೆಗಳನ್ನು ಆ ಲೆಕ್ಕದಲ್ಲೇ ಎಣಿಸಿದ.

ಚಹಾ ಕುಡಿಯುತ್ತ 2001ರ ಮಾತು ಬಂತು. ಆ ವರ್ಷ ಕಾಲುಬಾಯಿ ರೋಗ ಬ್ರಿಟನ್ನಿನ ಮೇಲೆ ಎರಗಿತು. ದೃಢಪಟ್ಟ 2,026 ಪ್ರಕರಣಗಳಲ್ಲಿ 893 ನಾವಿರುವ ಕಂಬ್ರಿಯಾ ಸೀಮೆಯೊಂದರಲ್ಲೇ. ನಮ್ಮಲ್ಲಿ ಕಾಲುಬಾಯಿ ಬಂದರೆ ಗಾಯಕ್ಕೆ ಮದ್ದು ಹಚ್ಚಿ, ಗಂಜಿ ಕುಡಿಸಿ, ಬದುಕಿದರೆ ಬದುಕಲಿ ಎಂದು ಕಾಯುತ್ತೇವೆ. ಇಲ್ಲಿ ರೋಗ ಬಂದ ಫಾರ್ಮಿನ ದನ ಕುರಿ ಹಂದಿಗಳನ್ನೆಲ್ಲ ಕೊಂದರು, ಪಕ್ಕದ ಫಾರ್ಮುಗಳ ಆರೋಗ್ಯವಂತ ಪ್ರಾಣಿಗಳನ್ನೂ ಕೊಂದರು. ದೇಶದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು. ಹರ್ಡ್‌ವಿಕ್‌ನ ವರ್ಷದ ಮರಿಗಳನ್ನು ಚಳಿಗಾಲಕ್ಕೆ ತಗ್ಗಿನ ಊರುಗಳಿಗೆ ಮೇಯಲು ಕಳಿಸುವುದು ವಾಡಿಕೆ. ರೋಗ ಹಬ್ಬಿದ್ದು ಆ ತಗ್ಗಿನಲ್ಲಿ. ಹೀಗೆ ಹೋದ ಮರಿಗಳಲ್ಲಿ ಬಹಳಷ್ಟು ಗುಡ್ಡಕ್ಕೆ ಮರಳಲೇ ಇಲ್ಲ.

ಹರ್ಡ್‌ವಿಕ್ ಅಪರೂಪದ ಕುರಿಯಲ್ಲ. ಮರಿ ಹಾಕುವ ಹೆಣ್ಣುಗಳೇ ಐವತ್ತು ಸಾವಿರದಷ್ಟಿವೆ. ತಲೆ ಎಣಿಸಿ ಬರೆದ ಜಾತಕದಲ್ಲಿ ದೀರ್ಘಾಯುಷ್ಯ. ಆದರೆ ಹೆಚ್ಚುಕಡಿಮೆ ಎಲ್ಲವೂ ಇರುವುದು ಕಾನಿಸ್ಟನ್ ಎಂಬ ಊರಿನ ಸುತ್ತಮುತ್ತಲ ಕೆಲವೇ ಮೈಲುಗಳಲ್ಲಿ. ಒಂದು ರೋಗ, ಒಂದು ಬೇಸಿಗೆ ಸಾಕಾಗಿತ್ತು. ಆಗಲೇ ಗಾಬರಿಯಿಂದ ವೀರ್ಯವನ್ನೂ ಭ್ರೂಣವನ್ನೂ ಸಂಗ್ರಹಿಸಿ ಶೀತದಲ್ಲಿಟ್ಟರು. ಒಳ್ಳೆಯದೇ. ಆದರೆ ಯಜಮಾನ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಭ್ರೂಣದಿಂದ ಕುರಿ ಹುಟ್ಟುತ್ತದೆ. ಗುಡ್ಡದ ದಾರಿ ಅದಕ್ಕೆ ಯಾರು ತೋರಿಸುತ್ತಾರೆ?" ಪೂರ್ತಿ ಮಂದೆ ಕಳೆದುಕೊಂಡವರು ಬೇರೆಡೆಯಿಂದ ಅದೇ ತಳಿಯ ಕುರಿ ತಂದು ಬಿಟ್ಟರೆ ಅವು ನಿಲ್ಲುವುದಿಲ್ಲ. ವರ್ಷಗಟ್ಟಲೆ ಬೇಲಿ ಹಾಕಿ, ಬೆನ್ನು ಬಿಡದೆ ಕಾದು ಕಲಿಸಬೇಕು.

ಈ ಕುರಿಗಳು ಇಲ್ಲಿಯವರೆಗೆ ಉಳಿದದ್ದಕ್ಕೆ ಕಾರಣ ಬರಿಯ ಪ್ರೀತಿಯಲ್ಲ. ಮಕ್ಕಳಿಗೆ ಮೊಲದ ಕಥೆ ಬರೆದು ಹಣ ಮಾಡಿದ ಬಿಯಾಟ್ರಿಕ್ಸ್ ಪಾಟರ್ ಆ ಹಣದಲ್ಲಿ ಇಲ್ಲಿ ಫಾರ್ಮುಗಳನ್ನು ಕೊಂಡು, ಹರ್ಡ್‌ವಿಕ್ ಸಾಕಿ, 1943ರಲ್ಲಿ ಸಾಯುವಾಗ 4,000 ಎಕರೆಗೂ ಹೆಚ್ಚು ನೆಲವನ್ನು, ನಾಡಿನ ಹಳೆಯ ನೆಲ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟಳು. ಗುಡ್ಡದ ಫಾರ್ಮುಗಳಲ್ಲಿ ಇದೇ ಕುರಿ ಇರಬೇಕು ಎಂಬುದು ಅವಳ ಇಚ್ಛೆ. 2013ರಲ್ಲಿ ಇದರ ಮಾಂಸಕ್ಕೂ ಮೂಲಸ್ಥಾನದ ಮಾನ್ಯತೆ ಸಿಕ್ಕಿತು. ಸಾಸೇಜಿನ ಹಾಗಲ್ಲ, ಇಲ್ಲಿ ತಳಿಯೇ ಮುಖ್ಯ: ಹರ್ಡ್‌ವಿಕ್ ಅಲ್ಲದ ಕುರಿಗೆ ಆ ಹೆಸರು ಕೂಡದು. ಕಟ್ಟಳೆ ಬರೆಯುವವರು ಒಂದು ಸಾಲು ಸೇರಿಸಿದರೆ ಎಷ್ಟು ವ್ಯತ್ಯಾಸ ನೋಡಿ.

ಉಣ್ಣೆಯ ಕಥೆ ಬೇರೆ. ಕೆಲವು ವರ್ಷ ಒಂದು ಕುರಿಯ ಉಣ್ಣೆಗೆ ಬರುವ ದುಡ್ಡು ಅದನ್ನು ಕತ್ತರಿಸಿದವನ ಕೂಲಿಗೂ ಸಾಲುವುದಿಲ್ಲ. ಅಮ್ಮ ಬಂದಾಗ ತಂದಿದ್ದ ಕರಿ ಕಂಬಳಿಯನ್ನು ಯಜಮಾನನಿಗೆ ತೋರಿಸಿದ್ದೆ. ಬೆರಳಲ್ಲಿ ಉಜ್ಜಿ, ಮೂಸಿ, "ಒರಟು. ನೀರು ಒಳಗಿಳಿಯುವುದಿಲ್ಲ. ನಮ್ಮದರ ಹಾಗೆಯೇ" ಎಂದ. ಆ ಕಂಬಳಿಯ ದಖನಿ ಕುರಿಗೂ ಅದೇ ಕಷ್ಟ. ತುಪ್ಪಟ ಕೇಳುವವರಿಲ್ಲದೆ ನಮ್ಮ ಕುರುಬರೂ ಉಣ್ಣೆ ಬಾರದ ಕುರಿಗಳ ಕಡೆಗೆ ಹೊರಳುತ್ತಿದ್ದಾರೆ. ನೇಯುವವನ ಮಗ್ಗ ನಿಂತರೆ ಕುರಿಯ ಬಣ್ಣವೂ ಬದಲಾಗುತ್ತದೆ.

ಇಲ್ಲಿ ಎಲ್ಲರೂ ಕುರಿಯ ಪರವಾಗಿಲ್ಲ ಎಂಬುದನ್ನೂ ಹೇಳಬೇಕು. ಶತಮಾನಗಳ ಮೇವಿನಿಂದಲೇ ಗುಡ್ಡ ಬೋಳಾಗಿದೆ, ಕುರಿ ಇಳಿಸಿ ಮರ ಏರಿಸಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಮಳೆಗಾಲದಲ್ಲಿ ಆ ಬೋಳು ಇಳಿಜಾರು ನೋಡಿದವಳು ನಾನು. 2017ರಲ್ಲಿ ಈ ಸರೋವರ ಸೀಮೆಗೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ್ದು ಕುರಿಗಾರರ ಬದುಕನ್ನೂ ಸೇರಿಸಿಕೊಂಡೇ. ಆದರೆ ಬ್ರೆಕ್ಸಿಟ್ ಆದ ಮೇಲೆ, ಎಕರೆ ಲೆಕ್ಕದಲ್ಲಿ ಬರುತ್ತಿದ್ದ ಸಹಾಯಧನ ವರ್ಷ ವರ್ಷ ಕರಗುತ್ತ ಬಂದಿದೆ. ಗೆಳತಿ ಆಸ್ಪತ್ರೆಯಲ್ಲಿ ಹೆಚ್ಚುವರಿ ಪಾಳಿ ಕೇಳಿ ಪಡೆಯುವುದು ಏಕೆಂದು ನನಗೆ ತಿಳಿದದ್ದು ತಡವಾಗಿ. ಪರಂಪರೆಯ ಒಂದು ಪಾಲು ಅವಳ ರಾತ್ರಿಪಾಳಿಯ ಮೇಲೆ ನಿಂತಿದೆ.

ಕಳೆದ ವಾರ ಊರಿಗೆ ಫೋನ್ ಮಾಡಿದಾಗ ಚಿಕ್ಕಪ್ಪನನ್ನು ಕೇಳಿದೆ, ಹಟ್ಟಿಯಲ್ಲಿ ಅಪ್ಪಟ ಬಂಡೂರು ಎಷ್ಟಿವೆ ಎಂದು. "ಈಗೇಕಮ್ಮ ಆ ಲೆಕ್ಕ?" ಎಂದರು. ನಾಳೆ ಬೆಳಿಗ್ಗೆ ಮೇಯಲು ಬಿಡುವಾಗ ನೋಡಿ ಹೇಳುತ್ತೇನೆ ಎಂದರು. ಮರುದಿನ ಅವರೇ ಫೋನ್ ಮಾಡಿದರು. ಹಟ್ಟಿಯಲ್ಲಿ ಒಟ್ಟು ಹತ್ತೊಂಬತ್ತು. ನೋಡಿದರೆ ಬಂಡೂರು ಎನ್ನಬಹುದಾದವು ನಾಲ್ಕು ಹೆಣ್ಣು, ಒಂದು ಟಗರು. "ಟಗರಿಗೆ ಮುಂಗಡ ಈಸಿಕೊಂಡಿದ್ದೇನೆ ಕಣಮ್ಮ, ಹಬ್ಬಕ್ಕೆ ಕೊಡಬೇಕು" ಎಂದರು. ಮುಂಗಡ ಎಷ್ಟು ಎಂದು ಕೇಳಿದೆ. ಅವರು ಹೇಳಿದ ಮೊತ್ತವನ್ನು ಪೌಂಡಿಗೆ ಬದಲಿಸಿ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಲೈನ್ ಕಟ್ಟಾಯಿತೆಂದು ಭಾವಿಸಿ ಚಿಕ್ಕಪ್ಪ "ಹಲೋ, ಹಲೋ" ಎನ್ನುತ್ತಿದ್ದರು.